ದುಬೈ ವಿಮಾನದಲ್ಲಿ ಎಷ್ಟು ಸೀಟು ಎಂದು ನಿರ್ಧರಿಸುವವರು ಯಾರು?

ನನ್ನ ಅಬ್ಬಾ ಶಿವಾಜಿನಗರದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಹದಿನೆಂಟು ವರ್ಷಗಳಿಂದ ಟಿಕೆಟ್ ಬುಕ್ ಮಾಡುವ ಕೆಲಸ ಮಾಡುತ್ತಿದ್ದಾರೆ. ರಸೆಲ್ ಮಾರ್ಕೆಟ್‌ನಿಂದ ಐದು ನಿಮಿಷದ ನಡಿಗೆ. ಊರಿನವರಿಗೆಲ್ಲ ಕಡಿಮೆ ದರದ ಟಿಕೆಟ್ ಹುಡುಕಿಕೊಡುವ ಅಬ್ಬಾಗೆ ಕಳೆದ ವರ್ಷ ಸ್ವಂತ ಬಾಮೈದನಿಗೆ ಒಂದು ಟಿಕೆಟ್ ಹುಡುಕಿಕೊಡಲು ಆಗಲಿಲ್ಲ.

ನನ್ನ ಅಕ್ಕನ ನಿಕಾಹ್ ಈದ್ ಕಳೆದ ನಾಲ್ಕನೇ ದಿನಕ್ಕೆ ನಿಶ್ಚಯವಾಗಿತ್ತು. ಮಾಮು ದುಬೈನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವರಿಗೆ ರಜೆ ಸಿಗುವುದು ಖಚಿತವಾದಾಗ ಹತ್ತು ದಿನ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಟಿಕೆಟ್ ದರ ಮಾಮೂಲಿ ದಿನಗಳ ಮೂರು ಪಟ್ಟಾಗಿತ್ತು. ಹೋಗಿಬರುವ ಖರ್ಚು ಮಾಮುವಿನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಅವರು ನಿಕಾಹನ್ನು ಫೋನಿನಲ್ಲೇ ನೋಡಿದರು. ಅಮ್ಮಿ ಫೋನನ್ನು ಎತ್ತಿ ಹಿಡಿದುಕೊಂಡು ಅಳುತ್ತಿದ್ದದ್ದು ನನಗೆ ಈಗಲೂ ನೆನಪಿದೆ.

"ಅಬ್ಬಾ, ಇಷ್ಟೊಂದು ಜನ ಬರೋರು ಇದ್ದಾರೆ ಅಂದ್ರೆ ಇನ್ನೂ ನಾಲ್ಕು ವಿಮಾನ ಯಾಕೆ ಬಿಡಲ್ಲ?" ಎಂದು ಕೇಳಿದೆ.

"ಬಿಡೋಕೆ ಅವರು ತಯಾರಿದ್ದಾರೆ ಬೇಟಾ. ಆದರೆ ಸೀಟಿಗೆ ಲೆಕ್ಕ ಇದೆ. ಎರಡು ಸರ್ಕಾರ ಕೂತು ಒಪ್ಪಬೇಕು" ಎಂದರು ಅಬ್ಬಾ.

ವಿಮಾನದ ಸೀಟಿಗೂ ಸರ್ಕಾರದ ಲೆಕ್ಕ ಇರುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಕೆಲವು ತಿಂಗಳ ನಂತರ ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದ ಚರ್ಚಾಸ್ಪರ್ಧೆಗೆ ಬಂದ ವಿಷಯವೂ ಅದೇ: ವಿದೇಶಿ ವಿಮಾನ ಸಂಸ್ಥೆಗಳಿಗೆ ದೇಶಗಳು ಮಿತಿ ಹೇರಬೇಕೇ? ಚೀಟಿ ಎತ್ತಿದಾಗ ನನಗೆ ಸಿಕ್ಕಿದ್ದು "ಹೇರಬೇಕು" ಎಂಬ ಕಡೆ. ಬದಲಾಯಿಸಿಕೊಡಿ ಎಂದು ಅರ್ಥಶಾಸ್ತ್ರದ ಮೇಡಂ ಬಳಿ ಹೋದೆ. "ಒಪ್ಪದ ಕಡೆಯನ್ನೇ ಓದು, ಆಗ ಕಲಿಯುತ್ತೀಯ" ಎಂದು ಕಳುಹಿಸಿದರು. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳಲು ಈ ಲೇಖನ.

ಆಕಾಶ ಯಾರದು?

ನಮ್ಮ ಹಳೇ ಮದ್ರಾಸ್ ರಸ್ತೆಯಿಂದಲೇ ಶುರುಮಾಡೋಣ. ತಿರುಪತಿ, ಚಿತ್ತೂರು ಕಡೆಗೆ ಹೋಗುವ ಆಂಧ್ರದ ಸರ್ಕಾರಿ ಬಸ್ಸುಗಳು ಕೆ.ಆರ್.ಪುರದಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸುಗಳೂ ಅತ್ತ ಹೋಗುತ್ತವೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಬಸ್ಸು ಓಡಿಸುವಂತಿಲ್ಲ. ಎರಡು ರಾಜ್ಯಗಳು ಕೂತು ಯಾವ ಮಾರ್ಗ, ಎಷ್ಟು ಬಸ್ಸು ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ಇನ್ನು ಅದೇ ಆಂಧ್ರದ ಬಸ್ಸು ಶಿವಾಜಿನಗರದಿಂದ ಹಲಸೂರಿಗೆ ಸಿಟಿ ಬಸ್ಸಿನಂತೆ ಓಡಲು ಶುರುಮಾಡಿದರೆ ಬಿಎಂಟಿಸಿ ಸುಮ್ಮನಿರುತ್ತದೆಯೇ?

ವಿಮಾನದ ನಿಯಮವೂ ಹೆಚ್ಚುಕಡಿಮೆ ಇದೇ. 1944ರ ಡಿಸೆಂಬರ್ 7ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ ಎಂಬುದು ಅದರ ಮೊದಲನೇ ವಿಧಿ. ವೇಳಾಪಟ್ಟಿಯಂತೆ ಹಾರುವ ಬೇರೆ ದೇಶದ ವಿಮಾನ ಅನುಮತಿ ಇಲ್ಲದೆ ಬರುವಂತಿಲ್ಲ ಎಂಬುದು ಆರನೇ ವಿಧಿ. ಒಂದು ದೇಶದ ಒಳಗಿನ ಎರಡು ಊರುಗಳ ನಡುವೆ ಪರದೇಶದ ವಿಮಾನ ಪ್ರಯಾಣಿಕರನ್ನು ಸಾಗಿಸುವುದನ್ನು ಆ ದೇಶ ನಿರಾಕರಿಸಬಹುದು ಎಂಬುದು ಏಳನೇ ವಿಧಿ. ಅಂದರೆ ವಿದೇಶಿ ವಿಮಾನ ಬೆಂಗಳೂರಿಗೆ ಬರಬಹುದು, ಆದರೆ ಬೆಂಗಳೂರಿನಿಂದ ದೆಹಲಿಗೆ ಜನರನ್ನು ಕೊಂಡೊಯ್ಯುವಂತಿಲ್ಲ. ಹಲಸೂರಿನ ಸಿಟಿ ಬಸ್ಸಿನ ಮಾತು ಇದೇ.

ಆದ್ದರಿಂದ "ಮಿತಿ ಹೇರಬೇಕೇ" ಎಂಬ ಪ್ರಶ್ನೆಯೇ ಸ್ವಲ್ಪ ತಪ್ಪು. ಮಿತಿ ಆಗಲೇ ಇದೆ. ಬಾಗಿಲು ಮುಚ್ಚಿರುವುದೇ ಇಲ್ಲಿ ಸಾಮಾನ್ಯ ನಿಯಮ. ಎಷ್ಟು ತೆರೆಯಬೇಕು ಎಂಬುದು ನಿಜವಾದ ಪ್ರಶ್ನೆ.

ಒಪ್ಪಂದದಲ್ಲಿ ಏನಿರುತ್ತದೆ?

ಎರಡು ದೇಶಗಳ ವಿಮಾನ ಒಪ್ಪಂದದಲ್ಲಿ ಮುಖ್ಯವಾಗಿ ಮೂರು ವಿಷಯಗಳಿರುತ್ತವೆ. ಯಾವ ಸಂಸ್ಥೆಗಳು ಹಾರಬಹುದು, ವಾರಕ್ಕೆ ಎಷ್ಟು ಸೀಟು ಅಥವಾ ಎಷ್ಟು ವಿಮಾನ, ಮತ್ತು ಯಾವ ಯಾವ ಊರಿಗೆ.

ಅರಬ್ ಎಮಿರೇಟ್ಸ್ ಒಂದೇ ದೇಶವಾದರೂ ದುಬೈ, ಅಬುಧಾಬಿ, ಶಾರ್ಜಾಗಳ ಲೆಕ್ಕ ಬೇರೆ ಬೇರೆ. ದುಬೈ ಜೊತೆ ನಮ್ಮ ಲೆಕ್ಕ ಕೊನೆಯ ಬಾರಿ ದೊಡ್ಡದಾಗಿ ಹೆಚ್ಚಿದ್ದು 2014ರಲ್ಲಿ. ಆಗ ಪ್ರತಿ ಕಡೆಗೂ ವಾರಕ್ಕೆ 65,000ಕ್ಕೂ ಸ್ವಲ್ಪ ಹೆಚ್ಚು ಸೀಟು ಎಂದಾಯಿತು. ದುಬೈನವರ ಪಾಲು ತುಂಬಿ ಬಹಳ ಕಾಲವಾಯಿತು. 2022ರಲ್ಲಿ ಅವರು ಇನ್ನೂ 50,000 ಸೀಟು ಕೇಳಿದರು. ಭಾರತ ಒಪ್ಪಲಿಲ್ಲ. ಮಾಮುವಿನ ಟಿಕೆಟ್ ಈ ಲೆಕ್ಕದ ಒಳಗೆ ಸಿಕ್ಕಿಬಿದ್ದಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಸೀಟುಗಳು ಇಡೀ ಭಾರತಕ್ಕೆ ಸೇರಿದ ಲೆಕ್ಕ. 2022ರ ಅಕ್ಟೋಬರ್‌ನಲ್ಲಿ ಎಮಿರೇಟ್ಸ್ ಸಂಸ್ಥೆ ಎರಡು ಅಂತಸ್ತಿನ ಎ380 ವಿಮಾನವನ್ನು ಬೆಂಗಳೂರಿಗೆ ತಂದಾಗ ಎಲ್ಲರೂ ಫೋಟೋ ತೆಗೆದು ಹಂಚಿಕೊಂಡರು. ಆದರೆ ಒಟ್ಟು ಮೊತ್ತ ಬದಲಾಗದಿದ್ದರೆ ಒಂದು ಊರಿಗೆ ಸೀಟು ಹೆಚ್ಚಿಸಲು ಇನ್ನೊಂದು ಕಡೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಎಲ್ಲ ದೇಶಗಳಿಗೂ ಇಷ್ಟು ಬಿಗಿ ಇಲ್ಲ. 2005ರಲ್ಲಿ ಭಾರತ ಅಮೆರಿಕದ ಜೊತೆ ಮುಕ್ತ ಆಕಾಶ ಒಪ್ಪಂದ ಮಾಡಿಕೊಂಡಿತು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯ ಪ್ರಕಾರ, ದೆಹಲಿಯಿಂದ 5,000 ಕಿ.ಮೀ.ಗಿಂತ ದೂರದ ದೇಶಗಳು ಮತ್ತು ಸಾರ್ಕ್ ದೇಶಗಳ ಜೊತೆ, ಅವರೂ ಹಾಗೆಯೇ ತೆರೆದರೆ, ಮುಕ್ತ ಒಪ್ಪಂದ ಮಾಡಿಕೊಳ್ಳಬಹುದು. ಕೊಲ್ಲಿ ದೇಶಗಳು ಆ 5,000 ಕಿ.ಮೀ. ಒಳಗೆ ಬರುತ್ತವೆ. ನಮ್ಮ ಮನೆಗಳವರು ಹೆಚ್ಚಾಗಿ ದುಡಿಯಲು ಹೋಗುವ ದೇಶಗಳಿಗೇ ಬಾಗಿಲು ಬಿಗಿಯಾಗಿದೆ.

ಮಿತಿ ಬೇಕು ಎನ್ನುವವರ ಮಾತು

ಇದನ್ನು ಓದಿದಾಗ ನನಗೆ ಮೊದಲು ಸಿಟ್ಟು ಬಂತು. ಆದರೆ ನಾನು ವಾದಿಸಬೇಕಾದದ್ದು ಮಿತಿಯ ಪರವಾಗಿ. ಅಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ಬಲವಿತ್ತು.

ಮೊದಲನೆಯದು ದಾರಿಯ ಮಾತು. ದುಬೈ ವಿಮಾನ ಹತ್ತುವವರೆಲ್ಲ ದುಬೈನಲ್ಲಿ ಇಳಿದು ಮನೆಗೆ ಹೋಗುವವರಲ್ಲ. ಬೆಂಗಳೂರಿನಿಂದ ಲಂಡನ್‌ಗೋ ನ್ಯೂಯಾರ್ಕ್‌ಗೋ ಹೊರಟವರು ದುಬೈ, ದೋಹಾ, ಅಬುಧಾಬಿಗಳಲ್ಲಿ ವಿಮಾನ ಬದಲಿಸಿ ಮುಂದೆ ಹೋಗುತ್ತಾರೆ. ಹೀಗೆ ಎರಡು ಬೇರೆ ದೇಶಗಳ ನಡುವಿನ ಪ್ರಯಾಣಿಕರನ್ನು ತನ್ನ ಊರಿನ ಮೂಲಕ ಸಾಗಿಸುವುದನ್ನು ವಿಮಾನಯಾನದಲ್ಲಿ ಆರನೇ ಸ್ವಾತಂತ್ರ್ಯ ಎನ್ನುತ್ತಾರೆ. ಸೀಟು ಎರಡೂ ಕಡೆಗೆ ಸಮ ಎಂದು ಕಂಡರೂ, ನಮ್ಮ ದೇಶದ ದೂರಪ್ರಯಾಣದ ಜನರನ್ನು ಸಣ್ಣದೊಂದು ಊರಿನ ಸಂಸ್ಥೆ ತನ್ನ ಕಡೆ ಸೆಳೆದುಕೊಳ್ಳಬಹುದು. ಹಾಗಾದರೆ ನಮ್ಮವರು ನೇರ ವಿಮಾನ ಶುರುಮಾಡುವುದು ಕಷ್ಟ. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ವಿಮಾನ ಆರಂಭಿಸಿತು. ಮೊದಲ ಹಾರಾಟ ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರು. ಅಂಥ ಮಾರ್ಗ ಉಳಿಯಬೇಕಾದರೆ ವಿಮಾನ ತುಂಬಬೇಕು.

ಎರಡನೆಯದು ಸಮಾನತೆಯ ಮಾತು. ಎಮಿರೇಟ್ಸ್ ದುಬೈ ಸರ್ಕಾರದ್ದು, ಕತಾರ್ ಏರ್‌ವೇಸ್ ಕತಾರ್ ಸರ್ಕಾರದ್ದು. 2015ರಲ್ಲಿ ಅಮೆರಿಕದ ಮೂರು ದೊಡ್ಡ ಸಂಸ್ಥೆಗಳು, ಕೊಲ್ಲಿಯ ಮೂರು ಸಂಸ್ಥೆಗಳಿಗೆ ಅವುಗಳ ಸರ್ಕಾರಗಳಿಂದ 40 ಬಿಲಿಯನ್ ಡಾಲರ್‌ಗೂ ಹೆಚ್ಚು ನೆರವು ಸಿಕ್ಕಿದೆ ಎಂದು ದೂರಿದವು. ಕೊಲ್ಲಿಯ ಸಂಸ್ಥೆಗಳು ಅದನ್ನು ಅಲ್ಲಗಳೆದವು. ನಮ್ಮಲ್ಲಿ ವಿಮಾನದ ಇಂಧನ ಜಿಎಸ್‌ಟಿಯ ಹೊರಗಿದ್ದು, ರಾಜ್ಯಗಳು ಅದರ ಮೇಲೆ ಬೇರೆಯಾಗಿ ತೆರಿಗೆ ಹಾಕುತ್ತವೆ. ಒಬ್ಬನ ಕಾಲಿಗೆ ಕಲ್ಲು ಕಟ್ಟಿ, ಇನ್ನೊಬ್ಬನ ಜೊತೆ ಓಡು ಎಂದರೆ ಹೇಗೆ?

ಮೂರನೆಯದು ನನ್ನ ಮನಸ್ಸನ್ನು ನಿಜವಾಗಿ ತಟ್ಟಿತು. 1990ರಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿದಾಗ ಅಲ್ಲಿ ಸಿಕ್ಕಿಕೊಂಡಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ಜೋರ್ಡಾನಿನ ಅಮ್ಮಾನ್ ನಗರದಿಂದ ಊರಿಗೆ ತಂದಿತು. 2020ರ ಮೇ ತಿಂಗಳಿನಿಂದ, ಕೊರೊನಾ ಕಾಲದಲ್ಲಿ, ವಂದೇ ಭಾರತ್ ವಿಮಾನಗಳು ಹೊರಟವು. ನಮ್ಮ ಬೀದಿಯಲ್ಲೇ ಆಗ ಕೆಲಸ ಕಳೆದುಕೊಂಡು ಹಾಗೆ ವಾಪಸ್ ಬಂದವರಿದ್ದಾರೆ. ಕಷ್ಟಕಾಲದಲ್ಲಿ ಸರ್ಕಾರ "ಹೊರಡಿ" ಎಂದು ಹೇಳಬಲ್ಲದ್ದು ತನ್ನ ದೇಶದ ವಿಮಾನಗಳಿಗೆ ಮಾತ್ರ. ದೇಶದಲ್ಲಿ ಗಟ್ಟಿಯಾದ ವಿಮಾನ ಸಂಸ್ಥೆಗಳು ಇರಬೇಕು ಎಂಬುದು ಬರೀ ಹೆಮ್ಮೆಯ ಮಾತಲ್ಲ.

ಚರ್ಚೆಯ ದಿನ ಈ ಮೂರನ್ನೂ ಹೇಳಿದೆ. ಚಪ್ಪಾಳೆ ಬಂತು. ಆಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು.

ಮಂಗಳೂರಿನ ಪ್ರಶ್ನೆ

ಎದ್ದು ನಿಂತವಳು ನನ್ನ ಪಕ್ಕದಲ್ಲೇ ಕೂರುವ ಗೆಳತಿ. ಊರು ಬಂಟ್ವಾಳ, ಇಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಅವಳ ಅಣ್ಣ ದಮ್ಮಾಮ್‌ನಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ.

"ನಮ್ಮ ದೇಶದ ವಿಮಾನಗಳಿಗೆ ರಕ್ಷಣೆ ಬೇಕು ಅಂದೆ. ಸರಿ. ಮಂಗಳೂರಿಗೆ ಒಂದೇ ಒಂದು ವಿದೇಶಿ ವಿಮಾನ ಬರುವ ಹಾಗಿಲ್ಲ. ಆ ರಕ್ಷಣೆಯ ಖರ್ಚನ್ನು ನನ್ನ ಅಣ್ಣನೇ ಯಾಕೆ ಕೊಡಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ಎರಡನೇ ಬಹುಮಾನ ಬಂತು, ಆದರೆ ಆ ಪ್ರಶ್ನೆ ಮನೆಗೆ ನನ್ನ ಜೊತೆಗೇ ಬಂತು. ಮತ್ತೆ ಹುಡುಕಿ ಓದಿದೆ.

ಅವಳು ಹೇಳಿದ್ದು ನಿಜ. ಒಪ್ಪಂದದಲ್ಲಿ "ಯಾವ ಯಾವ ಊರಿಗೆ" ಎಂಬ ಪಟ್ಟಿ ಇರುತ್ತದೆ ಎಂದೆನಲ್ಲ, ಆ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ವಿದೇಶಿ ಸಂಸ್ಥೆ ಆ ಊರಿಗೆ ಬರಬಹುದು. ಮಂಗಳೂರಿಗೆ ಆ ಸ್ಥಾನ ಸಿಕ್ಕಿಲ್ಲ. 2006ರ ಅಕ್ಟೋಬರ್ 3ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ದುಬೈ ವಿಮಾನದೊಂದಿಗೆ ಮಂಗಳೂರಿನಿಂದ ವಿದೇಶ ಸಂಚಾರ ಶುರುವಾಯಿತು. ಅಂದಿನಿಂದಲೂ ಅಲ್ಲಿ ಭಾರತದ ಸಂಸ್ಥೆಗಳ ವಿಮಾನ ಮಾತ್ರ. ಕಾಸರಗೋಡಿನ ಕನ್ನಡಿಗರಿಗೆ ದಕ್ಷಿಣಕ್ಕೆ ಹತ್ತಿರದ ನಿಲ್ದಾಣ ಕಣ್ಣೂರು. 2018ರ ಡಿಸೆಂಬರ್‌ನಲ್ಲಿ ತೆರೆದ ಆ ನಿಲ್ದಾಣದ ಕಥೆಯೂ ಇದೇ. ಕಲ್ಲಿಕೋಟೆಯಲ್ಲಿ ಮಾತ್ರ ವಿದೇಶಿ ವಿಮಾನಗಳು ಇಳಿಯುತ್ತವೆ. ಗೆಳತಿಯ ಅಣ್ಣ ಹಲವು ಸಲ ಅಲ್ಲಿಗೆ ಇಳಿದು, ನಾಲ್ಕೈದು ಗಂಟೆ ರೈಲಿನಲ್ಲಿ ಕೂತು, ಮಂಗಳೂರಿಗೆ ಬಂದು, ಮತ್ತೆ ಬಸ್ಸು ಹಿಡಿದು ಬಂಟ್ವಾಳ ಸೇರುತ್ತಾನೆ.

ಮಂಗಳೂರಿನ ರನ್‌ವೇ ಗುಡ್ಡದ ಮೇಲಿದೆ, ಉದ್ದ 2,450 ಮೀಟರ್. ದೊಡ್ಡ ವಿಮಾನಗಳಿಗೆ ಅದು ಸಾಲದು ಎಂದು ಹೇಳಬಹುದು. ಆದರೆ ಫ್ಲೈ ದುಬೈ, ಏರ್ ಅರೇಬಿಯಾದಂಥ ಸಂಸ್ಥೆಗಳ ವಿಮಾನಗಳು ಈಗ ಅಲ್ಲಿಗೆ ಬರುವ ನಮ್ಮ ವಿಮಾನಗಳಷ್ಟೇ ಗಾತ್ರದವು. ಅಡ್ಡಿ ಇರುವುದು ರನ್‌ವೇಯಲ್ಲಿ ಅಲ್ಲ, ಪಟ್ಟಿಯಲ್ಲಿ.

ಮಂಗಳೂರಿನಿಂದ ಕೊಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ನ್ಯೂಯಾರ್ಕ್‌ಗೆ ವಿಮಾನ ಬದಲಿಸುವವರಲ್ಲ. ಅಲ್ಲೇ ಇಳಿದು ದುಡಿಯುವವರು. ದೂರದ ಮಾರ್ಗಗಳನ್ನು ಉಳಿಸಿಕೊಳ್ಳಲು ಹಾಕಿದ ಬೇಲಿ, ಆ ಮಾರ್ಗಕ್ಕೆ ಸಂಬಂಧವೇ ಇಲ್ಲದವರನ್ನೂ ಒಳಗೆ ಕೂಡಿಹಾಕಿದೆ.

ಬೇಲಿಯಿಂದ ಬೆಳೆ ಉಳಿಯಿತೇ?

ರಕ್ಷಣೆ ಕೊಟ್ಟರೆ ನಮ್ಮ ಸಂಸ್ಥೆಗಳು ಬೆಳೆಯುತ್ತವೆ ಎಂಬ ಮಾತನ್ನೂ ಪರೀಕ್ಷಿಸಬೇಕು. ನಮ್ಮ ಬೆಂಗಳೂರಿನದ್ದೇ ಆದ ಕಿಂಗ್‌ಫಿಷರ್ 2005ರಲ್ಲಿ ಹಾರಲು ಶುರುಮಾಡಿ 2012ರ ಅಕ್ಟೋಬರ್‌ನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ನಿಂತವು. ದೇಶದೊಳಗಿನ ಮಾರ್ಗಗಳಲ್ಲಿ ಇವಕ್ಕೆ ಒಂದೂ ವಿದೇಶಿ ವಿಮಾನದ ಪೈಪೋಟಿ ಇರಲಿಲ್ಲ. ಸಾಲ, ಇಂಧನದ ಬೆಲೆ, ಎಂಜಿನ್ ತೊಂದರೆ, ಆಡಳಿತ, ಹೀಗೆ ಒಂದೊಂದಕ್ಕೆ ಒಂದೊಂದು ಕಾರಣ. ಒಳಗಿನ ಹುಳಕ್ಕೆ ಬೇಲಿ ಮದ್ದಲ್ಲ.

ಸ್ಪರ್ಧೆ ಕಡಿಮೆ ಇದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಗಳಿಗೆ ಹತ್ತಿರದ ಉದಾಹರಣೆ ಹಜ್. ಹಜ್ ಸಮಿತಿಯ ಮೂಲಕ ಹೋಗುವವರನ್ನು ಭಾರತ ಮತ್ತು ಸೌದಿಯ ವಿಮಾನ ಸಂಸ್ಥೆಗಳೇ ಹಂಚಿಕೊಂಡು ಸಾಗಿಸುವ ವ್ಯವಸ್ಥೆ ಇತ್ತು. ಮೂರನೆಯವರು ಕಡಿಮೆ ದರ ಹೇಳಿದರೂ ಪ್ರಯೋಜನವಿಲ್ಲ. ಸರ್ಕಾರ ಕೊಡುತ್ತಿದ್ದ ಸಬ್ಸಿಡಿ ಯಾತ್ರಿಕರ ಕೈಗೆ ಬರುತ್ತಿರಲಿಲ್ಲ, ವಿಮಾನ ಸಂಸ್ಥೆಗೆ ಹೋಗುತ್ತಿತ್ತು. ಅದನ್ನು ಹಂತಹಂತವಾಗಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು, 2018ರಲ್ಲಿ ಅದು ನಿಂತಿತು. ಆ ಸಬ್ಸಿಡಿ ನಮ್ಮವರಿಗೆ ಸಿಗುವ ಉಡುಗೊರೆ ಎಂದು ಎಷ್ಟೋ ಜನ ತಿಳಿದಿದ್ದರು. "ಟೆಂಡರ್ ಎಲ್ಲರಿಗೂ ತೆರೆದಿದ್ದರೆ ಅಷ್ಟು ಸಬ್ಸಿಡಿ ಬೇಕಾಗುತ್ತಲೇ ಇರಲಿಲ್ಲ" ಎನ್ನುತ್ತಾರೆ ಅಬ್ಬಾ.

ಬೇರೆ ದೇಶಗಳಲ್ಲೂ ಇದೇ ಜಗಳವಿದೆ. 2023ರಲ್ಲಿ ಕತಾರ್ ಏರ್‌ವೇಸ್ ವಾರಕ್ಕೆ ಇನ್ನೂ 28 ವಿಮಾನಗಳಿಗೆ ಅನುಮತಿ ಕೇಳಿದಾಗ ಆಸ್ಟ್ರೇಲಿಯಾ ನಿರಾಕರಿಸಿತು. ಟಿಕೆಟ್ ದುಬಾರಿಯಾದ ಕಾಲವಾದ್ದರಿಂದ ಜನ ಕಾರಣ ಕೇಳಿದರು. ಅಲ್ಲಿನ ಸಂಸತ್ತಿನ ಮೇಲ್ಮನೆ ವಿಚಾರಣೆಯನ್ನೇ ನಡೆಸಿತು. ಐರೋಪ್ಯ ಒಕ್ಕೂಟದ ದೇಶಗಳು ತಮ್ಮೊಳಗೆ ಬಾಗಿಲನ್ನು ಪೂರ್ತಿ ತೆರೆದುಕೊಂಡಿವೆ. 1997ರಿಂದ ಅಲ್ಲಿ ಒಂದು ದೇಶದ ಸಂಸ್ಥೆ ಇನ್ನೊಂದು ದೇಶದ ಒಳಗೂ ಹಾರಬಹುದು.

ಗೆಳತಿಗೆ ನನ್ನ ಉತ್ತರ

ಇಂದಿರಾನಗರ, ಮುರುಗೇಶಪಾಳ್ಯದ ಕಡೆಯ ಹಿರಿಯರನ್ನು ಕೇಳಿ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ನಿಲ್ದಾಣ ಮನೆಯ ಪಕ್ಕದಲ್ಲೇ ಇತ್ತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಶುರುವಾದಾಗ ಸಾರ್ವಜನಿಕ ವಿಮಾನಗಳಿಗೆ ಇದನ್ನು ಮುಚ್ಚಿದರು. ಹೊಸ ನಿಲ್ದಾಣಕ್ಕೆ ಹಣ ಹಾಕಿದವರಿಗೆ ಭರವಸೆ ಬೇಕಿತ್ತು. 150 ಕಿ.ಮೀ. ಒಳಗೆ 25 ವರ್ಷ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ ಬರುವುದಿಲ್ಲ ಎಂದು ಒಪ್ಪಂದವಾಯಿತು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಇದರಿಂದ ನಮ್ಮ ಕಡೆಯವರಿಗೆ ತೊಂದರೆಯಾಯಿತು ನಿಜ. ಆದರೆ ಆ ರಕ್ಷಣೆಗೆ ಒಂದು ಕಾರಣವಿದೆ, ಒಂದು ಕೊನೆಯ ದಿನವಿದೆ. 2033ಕ್ಕೆ ಅದು ಮುಗಿಯುತ್ತದೆ.

ವಿಮಾನಗಳ ಮಿತಿಗೂ ನಾನು ಕೇಳುವುದು ಇಷ್ಟನ್ನೇ. ದೇಶದ ಒಳಗಿನ ಮಾರ್ಗ ನಮ್ಮ ಸಂಸ್ಥೆಗಳಿಗೇ ಇರಲಿ. ಅಲ್ಲಿ ಬಂಡವಾಳ ಹಾಕಲು ಹೊರಗಿನವರಿಗೆ ಬೇರೆ ದಾರಿ ಇದೆ. 2012ರಿಂದ ವಿದೇಶಿ ವಿಮಾನ ಸಂಸ್ಥೆಗಳು ಭಾರತದ ಸಂಸ್ಥೆಗಳಲ್ಲಿ 49 ಶೇಕಡಾವರೆಗೆ ಪಾಲು ಪಡೆಯಬಹುದು. ಅದೇ ದಾರಿಯಲ್ಲಿ ಬಂದ ಏರ್ ಏಷ್ಯಾ ಇಂಡಿಯಾದ ಮೊದಲ ವಿಮಾನ 2014ರ ಜೂನ್‌ನಲ್ಲಿ ಬೆಂಗಳೂರಿನಿಂದಲೇ ಗೋವಾಕ್ಕೆ ಹಾರಿತು.

ದುಬೈ, ದೋಹಾದಂಥ ದೊಡ್ಡ ನಿಲ್ದಾಣಗಳ ಸಂಸ್ಥೆಗಳಿಗೆ ಮಿತಿ ಬೇಕೆಂದರೆ ಇರಲಿ, ಆದರೆ ಎಷ್ಟು ವರ್ಷಕ್ಕೆ ಎಂದು ಹೇಳಬೇಕು. ನಮ್ಮ ಸಂಸ್ಥೆಗಳು ನೂರಾರು ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿವೆ. ಅವು ಬಂದ ಮೇಲೂ ಬಾಗಿಲು ಹೀಗೇ ಇರುವುದೇ? ಭಾರತದ ಸಂಸ್ಥೆಗಳು ತಮ್ಮ ಪಾಲಿನ 80 ಶೇಕಡಾ ಬಳಸಿಕೊಂಡರೆ ಮತ್ತೆ ಮಾತುಕತೆ ಎಂದು 2016ರ ನೀತಿಯೇ ಹೇಳುತ್ತದೆ. ಬದಲಾವಣೆ ಅಸಾಧ್ಯವೂ ಅಲ್ಲ. ಕುವೈತ್ ಜೊತೆಗಿನ ಲೆಕ್ಕ 2025ರ ಜುಲೈನಲ್ಲಿ ವಾರಕ್ಕೆ 12,000 ಸೀಟಿನಿಂದ 18,000ಕ್ಕೆ ಏರಿತು.

ಮಂಗಳೂರಿನ ಹೆಸರು ಮಾತ್ರ ಈಗಲೇ ಪಟ್ಟಿಗೆ ಸೇರಬೇಕು. ಬಾಗಿಲು ಪೂರ್ತಿ ತೆರೆಯುವುದು ಬೇಡ ಎಂದರೆ ವಾರಕ್ಕೆ ಇಷ್ಟೇ ವಿಮಾನ ಎಂದು ಶುರುಮಾಡಲಿ. ಇದರಿಂದ ನಮ್ಮ ಸಂಸ್ಥೆಗಳ ಲಾಭ ಸ್ವಲ್ಪ ಕಡಿಮೆಯಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕುವೈತ್‌ನಿಂದ ಜನರನ್ನು ಕರೆತಂದ ಹೆಮ್ಮೆ ಇಡೀ ದೇಶದ್ದಾದರೆ, ಅಂಥ ಸಂಸ್ಥೆಗಳನ್ನು ಉಳಿಸುವ ಖರ್ಚನ್ನೂ ಇಡೀ ದೇಶ ಹಂಚಿಕೊಳ್ಳಬೇಕು. ಇಂಧನದ ತೆರಿಗೆ ಇಳಿಸಿ ಕೊಡಲಿ, ಬಜೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಕೊಡಲಿ. ಕೊಲ್ಲಿಯಲ್ಲಿ ದುಡಿಯುವವರ ಟಿಕೆಟ್ಟಿನೊಳಗೆ ಬಚ್ಚಿಟ್ಟು ವಸೂಲಿ ಮಾಡುವುದು ನ್ಯಾಯವಲ್ಲ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಸೀಟು ಹೆಚ್ಚಿದರೂ ಈದ್ ಸಮಯದಲ್ಲಿ ದರ ಏರುವುದು ಪೂರ್ತಿ ನಿಲ್ಲುವುದಿಲ್ಲ. ಕೊಲ್ಲಿಯ ಶಾಲೆಗಳಿಗೆ ರಜೆ, ಹಬ್ಬ ಎಲ್ಲ ಒಟ್ಟಿಗೆ ಬಂದರೆ ಎಲ್ಲರೂ ಅದೇ ವಾರ ಹೊರಡುತ್ತಾರೆ. ಆದರೆ ಮೂರು ಪಟ್ಟು ಏರುವುದಕ್ಕೂ ಒಂದೂವರೆ ಪಟ್ಟು ಏರುವುದಕ್ಕೂ ವ್ಯತ್ಯಾಸವಿದೆ. ನಿಕಾಹ್‌ಗೆ ಬರುವುದು, ಬರದಿರುವುದು ಆ ವ್ಯತ್ಯಾಸದಲ್ಲೇ ಇದೆ.

ಇದನ್ನೆಲ್ಲ ಗೆಳತಿಗೆ ಹೇಳಿದೆ. "ಇದನ್ನೇ ಅವತ್ತು ಹೇಳಿದ್ದರೆ ಮೊದಲ ಬಹುಮಾನ ನಿನಗೇ ಬರ್ತಿತ್ತು" ಎಂದಳು. ಅವತ್ತು ಅವಳು ಕೇಳದಿದ್ದರೆ ನಾನು ಇಷ್ಟು ಓದುತ್ತಲೇ ಇರಲಿಲ್ಲ.

ಮಾಮು ಕೊನೆಗೆ ಸೆಪ್ಟೆಂಬರ್‌ನಲ್ಲಿ ಬಂದರು. ಆಗ ಟಿಕೆಟ್ ಅಗ್ಗ. ಅಕ್ಕ ಅಷ್ಟರಲ್ಲಿ ಗಂಡನ ಮನೆಯಲ್ಲಿದ್ದಳು. ಮಾಮು ತಂದಿದ್ದ ಉಡುಗೊರೆ ಹಿಡಿದುಕೊಂಡು ನಾವೆಲ್ಲ ಕೆ.ಆರ್.ಪುರದ ಅವಳ ಮನೆಗೆ ಹೋಗಿಬಂದೆವು.